ಒಂದೇ ಸಲಕ್ಕೆ ಹೂಂ ಅನ್ನಬಾರದು

ಮಂಡ್ಯದಲ್ಲಿ ಬಟ್ಟೆ ಅಂಗಡಿಯೊಂದರ ಮೇಲಿನ ಮಹಡಿಯಲ್ಲಿ, ಕೆಲಸದ ಸಂದರ್ಶನಕ್ಕೆ ಹೋಗುವವರನ್ನು ತಯಾರು ಮಾಡುವ ಒಂದು ಜಾಗ ಇದೆ. ನಾನು ಅಲ್ಲಿ ಕಸ ಗುಡಿಸುತ್ತೇನೆ, ನೆಲ ಒರೆಸುತ್ತೇನೆ, ಹೊತ್ತಾದಾಗ ಕೆಳಗಿನಿಂದ ಟೀ ತಂದು ಕೊಡುತ್ತೇನೆ. ಕೆಲಸ ಕೇಳುವುದನ್ನು ಕಲಿಸುವುದಕ್ಕೂ ಒಂದು ಇಸ್ಕೂಲು ಇರುತ್ತದೆ ಅಂತ ಅಲ್ಲಿಗೆ ಸೇರುವ ತನಕ ನನಗೆ ಗೊತ್ತಿರಲಿಲ್ಲ. ನಮ್ಮ ಕಾಲದಲ್ಲಿ ಕೆಲಸ ಕೇಳುವುದೆಂದರೆ ಗದ್ದೆ ಬದುವಿನ ಮೇಲೆ ನಿಂತು ನಾಳೆ ನಾಟಿಗೆ ಆಳು ಬೇಕಾ ಅನ್ನುವುದು. ಬೇಕು ಅಂದರೆ ಬೆಳಿಗ್ಗೆ ಹೋಗಿ ಸೆರಗು ಸಿಕ್ಕಿಸಿಕೊಂಡು ಕೆಸರಿಗೆ ಇಳಿಯುವುದು. ನಿನ್ನ ಬಲ ಏನು, ನಿನ್ನ ದೌರ್ಬಲ್ಯ ಏನು ಅಂತ ಯಾರೂ ಕೇಳುತ್ತಿರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಅವರಿಗೇ ಕಾಣುತ್ತಿತ್ತು.

ಅದನ್ನು ನಡೆಸುವವನು ಮಂಡ್ಯ ಪೇಟೆಯಲ್ಲೇ ಹುಟ್ಟಿ ಬೆಳೆದ ಹುಡುಗ. ಹುಡುಗ ಅಂದರೆ ನಲವತ್ತರ ಹತ್ತಿರ, ತಲೆಯಲ್ಲಿ ಅರ್ಧ ಕೂದಲಿಲ್ಲ. ಬಿಡದಿ ಕಡೆ ಒಂದು ಫ್ಯಾಕ್ಟರಿಯಲ್ಲಿ ಜನರನ್ನು ಕೆಲಸಕ್ಕೆ ತೆಗೆದುಕೊಳ್ಳುವ ಆಫೀಸಿನಲ್ಲಿ ಇದ್ದನಂತೆ. ಒಂದು ವರ್ಷ ಆ ಫ್ಯಾಕ್ಟರಿಯವರು ಜನ ಕಡಿಮೆ ಮಾಡಿದರು. ಯಾರ್ಯಾರನ್ನು ಕಳಿಸಬೇಕು ಅಂತ ಇವನ ಕೈಯಲ್ಲೇ ಬರೆಸಿ, ಕೊನೆಗೆ ಇವನನ್ನೂ ಕಳಿಸಿದರು. ಇದನ್ನು ಅವನೇ ಒಂದು ದಿನ ಟೀ ಕುಡಿಯುತ್ತಾ ಹೇಳಿದ. ನಾನು ಲೋಟ ತೊಳೆಯಲು ತೆಗೆದುಕೊಂಡು ಹೋದೆ.

ಎಲ್ಲರೂ ಅವನನ್ನು ಸಾರ್ ಅನ್ನುತ್ತಾರೆ. ನಾನು ಮಾತ್ರ ಅಪ್ಪ ಅನ್ನುತ್ತೇನೆ.

ನಿಜವಾದ ಸಂದರ್ಶನದಲ್ಲಿ ಮೇಜಿನ ಆಚೆ ಮೂರು ಜನ ಕೂತಿರುತ್ತಾರಂತೆ. ಇಲ್ಲಿ ಇರುವುದು ಇವನೊಬ್ಬ, ಇಂಗ್ಲಿಷ್ ಹೇಳಿಕೊಡುವ ಒಬ್ಬ ಹೆಣ್ಣುಮಗಳು. ಮೂರನೆಯ ಕುರ್ಚಿ ಖಾಲಿ ಇದ್ದರೆ ಅಭ್ಯಾಸಕ್ಕೆ ಬಂದವರಿಗೆ ಭಯ ಹುಟ್ಟುವುದಿಲ್ಲ ಅಂತ ಒಂದು ದಿನ ನನ್ನನ್ನು ಕರೆದು ಕೂರಿಸಿದ.

"ಅಜ್ಜಿ, ನೀವೇನೂ ಮಾತಾಡ್ಬೇಡಿ. ಅವರನ್ನೇ ನೋಡ್ತಾ ಕೂತಿರಿ."

"ಎಂಗ್ ನೋಡ್ಲಪ್ಪ?"

"ಈಗ ನನ್ನ ಹೇಗೆ ನೋಡ್ತಿದ್ದೀರೋ ಹಾಗೇ. ಅದು ಸಾಕು."

ನನ್ನ ಮುಖ ಮೊದಲಿನಿಂದಲೂ ಹೀಗೇ. ಧಾರೆಯ ದಿನವೂ ನೀನು ನನ್ನನ್ನು ಸಂತೆಯಲ್ಲಿ ಎತ್ತಿನ ಹಲ್ಲು ನೋಡಿದ ಹಾಗೆ ನೋಡಿದ್ದೆ ಅಂತ ನನ್ನ ಗಂಡ ಸಾಯುವ ತನಕ ಆಡಿಕೊಂಡ. ಆ ಮುಖಕ್ಕೆ ಮಂಡ್ಯದಲ್ಲಿ ಒಂದು ಉಪಯೋಗ ಸಿಕ್ಕಿತು. ಟೈ ಕಟ್ಟಿಕೊಂಡು ಬಂದ ಹುಡುಗರು ಮಧ್ಯದಲ್ಲಿ ಕೂತವನನ್ನು ಬಿಟ್ಟು ನನ್ನನ್ನು ನೋಡಿ ಬೆವರುತ್ತಿದ್ದರು. ಡಿಪ್ಲೊಮಾ ಮಾಡಿದ ಒಬ್ಬನಂತೂ ಆಮೇಲೆ ನಲ್ಲಿಯ ಹತ್ತಿರ ಬಂದು, "ಮೇಡಂ, ನಂದು ಹೇಗಾಯ್ತು?" ಅಂದ. ನನ್ನ ಕೈಯಲ್ಲಿ ನೆಲ ಒರೆಸುವ ಬಟ್ಟೆ ಇತ್ತು. "ಒದ್ದೆ ಐತೆ, ಆ ಕಡೆಯಿಂದ ಓಗಪ್ಪ" ಅಂದೆ.

ಅಲ್ಲಿಗೆ ನನ್ನ ಅಕ್ಕನ ಮಗಳು ಬಂದ ಕತೆ ಹೇಳಬೇಕು.

ಅಕ್ಕ ತೀರಿಕೊಂಡು ವರ್ಷಗಳಾದವು. ಅವಳಿಗೆ ಇಬ್ಬರು ಮಕ್ಕಳು, ಒಂದು ಗಂಡು, ಒಂದು ಹೆಣ್ಣು. ಮಗ ಮಳವಳ್ಳಿ ಹತ್ತಿರದ ಊರಿನಲ್ಲೇ ಜಮೀನು ನೋಡಿಕೊಂಡು ಇದ್ದಾನೆ. ಮಗಳು ಬಿ.ಎ. ಮಾಡಿದಳು. ಮದುವೆ ಮಾಡಿ ಕೊಟ್ಟ ಮೇಲೆ ಗಂಡ ಬೇರೆಯವಳ ಜೊತೆ ಕೊಳ್ಳೇಗಾಲದ ಕಡೆ ಸಂಸಾರ ಹೂಡಿದ. ಇವಳು ಹೆಣ್ಣುಮಗುವನ್ನು ಕಟ್ಟಿಕೊಂಡು ಅಣ್ಣನ ಮನೆಗೆ ವಾಪಸು ಬಂದಳು. ಮಳವಳ್ಳಿಯಲ್ಲಿ ಒಂದು ಚಿಕ್ಕ ನರ್ಸಿಂಗ್ ಹೋಮಿನ ಬಾಗಿಲಲ್ಲಿ ಕೂತು ಚೀಟಿ ಬರೆಯುತ್ತಿದ್ದಳು. ಅಲ್ಲಿನ ಡಾಕ್ಟರಿಗೆ ವಯಸ್ಸಾಯಿತು, ಬಾಗಿಲು ಹಾಕಿದರು. ಅಲ್ಲಿಂದ ಮನೆಯಲ್ಲೇ.

ಅಣ್ಣ ಕೆಟ್ಟವನಲ್ಲ. ಆದರೆ ಮನೆ ಅಣ್ಣನದಾದರೂ ಒಲೆ ಅತ್ತಿಗೆಯದು. ನಾನು ಹೋದಾಗ ನನ್ನ ಮುಂದೆಯೇ ಅವಳು, "ಬಿ.ಎ. ಮಾಡ್ದೋರು ತೊಳ್ಸಿದ್ ಮುದ್ದೇಲಿ ಗಂಟು ಜಾಸ್ತಿ ಕಣತ್ತೆ, ನೋಡ್ಕಂಡ್ ನುಂಗಿ" ಅಂದಳು. ಎಲ್ಲರೂ ನಕ್ಕರು. ಅಕ್ಕನ ಮಗಳೂ ನಕ್ಕಳು. ಅವಳ ಮಗಳು ನಗಲಿಲ್ಲ. ಏಳನೆಯ ಕ್ಲಾಸು ಓದುವ ಹುಡುಗಿ, ಎಲ್ಲ ತಿಳಿಯುತ್ತದೆ. ಅವತ್ತು ನಾನು ಹೊರಡುವಾಗ ಅಣ್ಣ ಜಗುಲಿಯ ಮೇಲೆ ಕೂತು ತಂಗಿಗೆ, "ಉಗಾದಿ ಕಳೀಲಿ ಮಗ. ಆಮ್ಯಾಕೆ ಏನಾರಾ ಒಂದ್ ದಾರಿ ನೋಡ್ಕೊ. ನಿನ್ ಮಗ್ಳು ದೊಡ್ಡೋಳಾಯ್ತಾವ್ಳೆ, ಈ ಮನೇಲಿ ಎಲ್ಲಿ ಮಲುಗ್ಸಾದು?" ಅಂದ. ಮಾತು ಮೆತ್ತಗೇ ಇತ್ತು.

ಬಸ್ಸಿನ ತನಕ ಅವಳು ನನ್ನ ಜೊತೆ ಬಂದಳು.

"ಒಂದ್ ರೂಮು ಸಾಕು ಚಿಕ್ಕವ್ವ. ಒಳಗಿಂದ ಚಿಲಕ ಆಕಳಂಗಿರ್ಬೇಕು. ನಾನು, ನನ್ ಮಗ್ಳು. ಇನ್ನೇನೂ ಕೇಳಲ್ಲ ನಾನು ದೇವ್ರನ್ನ."

"ದೇವ್ರು ರೂಮ್ ಕೊಡಲ್ಲ ಕಣೆ. ಕೆಲ್ಸ ಕೇಳು" ಅಂದೆ.

ಮಾರನೆಯ ದಿನ ಕೆಲಸಕ್ಕೆ ಹೋದಾಗ ನಮ್ಮ ಹುಡುಗನ ಹತ್ತಿರ ಹೇಳಿದೆ. ಕರೆದುಕೊಂಡು ಬನ್ನಿ ಅಂದ.

ಅದು ಅವರೆಕಾಯಿಯ ಕಾಲ. ವಾರಕ್ಕೆ ಎರಡು ದಿನ ಅವಳು ಮಳವಳ್ಳಿಯಿಂದ ಬಸ್ಸಿನಲ್ಲಿ ಬರುತ್ತಿದ್ದಳು. ಬರುವಾಗ ಒಂದು ಚೀಲ ಅವರೆಕಾಯಿ. ಮೊದಲನೆಯ ದಿನ ಅವಳನ್ನು ಮೇಜಿನ ಈಚೆ ಕೂರಿಸಿ, ನಾವು ಮೂವರು ಆಚೆ ಕೂತೆವು. ನನ್ನನ್ನು ನೋಡಿ ಅವಳಿಗೆ ನಗು ಬಂತು. ನಾನು ನಗಲಿಲ್ಲ. ಅವಳ ನಗು ನಿಂತಿತು.

"ನಿಮ್ಮ ಬಗ್ಗೆ ಹೇಳಿ" ಅಂದ ಅವನು.

"ನನ್ ಬಗ್ಗೆ ಹೇಳೋಕೆ ಏನೂ ಇಲ್ಲ ಸಾರ್."

"ಇದೆ. ನರ್ಸಿಂಗ್ ಹೋಮಲ್ಲಿ ದಿನಾ ಎಷ್ಟು ಜನ ಬರೋರು? ಅಳೋರು, ಜಗಳ ಆಡೋರು, ಎಲ್ಲರನ್ನೂ ಸಾಲಾಗಿ ಕೂರಿಸ್ತಿದ್ದೋರು ಯಾರು?"

"ನಾನೇ."

"ಅದನ್ನ ಹೇಳಿ. ನಿಮ್ಮನ್ನ ನೀವೇ ಹೊಗಳ್ಕೊಳ್ಳೋದಲ್ಲ ಇದು. ಇರೋದನ್ನ ಮುಂದೆ ಇಡೋದು."

ಇರುವುದನ್ನು ಮುಂದೆ ಇಡುವುದು ಅವಳಿಗೆ ಬರುತ್ತಿರಲಿಲ್ಲ. ನಮ್ಮಲ್ಲಿ ಯಾರಿಗೂ ಬರುವುದಿಲ್ಲ. ಅವನು ಬಿಡಲಿಲ್ಲ. ತಲೆ ಎತ್ತಿಸಿದ, ಕೈ ಮಡಿಲಲ್ಲಿ ಇಡಿಸಿದ, ಒಂದು ಮಾತು ಮುಗಿಸಿ ಉಸಿರು ತೆಗೆದುಕೊಂಡು ಇನ್ನೊಂದು ಮಾತು ಆಡುವುದನ್ನು ಕಲಿಸಿದ. ನನ್ನ ಕೋಣೆಗೆ ಬಂದು ಅವರೆಕಾಳು ಹಿಸುಕುತ್ತಾ ಅವಳು ಗೋಡೆಗೆ ಉತ್ತರ ಹೇಳುತ್ತಿದ್ದಳು. ಸಿಪ್ಪೆ ಒಂದು ಕಡೆ, ಕಾಳು ಒಂದು ಕಡೆ, ಬಾಯಲ್ಲಿ ಅದೇ ಪಾಠ.

ಒಂದು ದಿನ ಅವನು, "ಗಂಡ ಏನ್ಮಾಡ್ತಾರೆ ಅಂತ ಕೇಳ್ತಾರೆ. ಕೇಳಬಾರದು, ಆದ್ರೂ ಕೇಳ್ತಾರೆ. ಏನಂತೀರಿ?" ಅಂದ.

ಅವಳು ತಲೆ ತಗ್ಗಿಸಿದಳು. ಕಾಯ್ದೆವು.

"ಸತ್ತೋದ ಅಂದ್ಬುಡು" ಅಂದೆ.

"ಅಜ್ಜಿ, ನೀವು ಮಾತಾಡೋ ಹಾಗಿಲ್ಲ."

"ನನ್ಗೆ ಅವ್ನು ಸತ್ತಂಗೇ ಕಣಪ್ಪ."

ಅವಳು ನಗಲು ಶುರುಮಾಡಿದಳು. ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು, ಆ ನೀರು ನಗುವಿನದಲ್ಲ ಅಂತ ಸ್ವಲ್ಪ ಹೊತ್ತಾದ ಮೇಲೆ ಗೊತ್ತಾಯಿತು. ಇಂಗ್ಲಿಷಿನ ಹೆಣ್ಣುಮಗಳು ಎದ್ದು ನೀರು ತರಲು ಹೋದಳು. ಅವನು ಪೆನ್ನು ತಿರುಗಿಸುತ್ತಾ ಕೂತಿದ್ದ. ಆಮೇಲೆ, "ಮಗಳನ್ನ ನಾನೊಬ್ಬಳೇ ನೋಡ್ಕೊಳ್ತಿದ್ದೀನಿ, ಅದರಿಂದ ಕೆಲಸಕ್ಕೆ ತೊಂದರೆ ಆಗಲ್ಲ. ಇಷ್ಟು ಹೇಳಿ ನಿಲ್ಲಿಸಿ. ಇನ್ನೊಂದು ಮಾತು ಬೇಡ" ಅಂದ. ಅದನ್ನು ಬಾಯಿಪಾಠ ಮಾಡಿಸಿದ. ಎಷ್ಟು ಹೇಳಿಸಿದನೆಂದರೆ ಕೊನೆಕೊನೆಗೆ ಅವಳು ಅದನ್ನು ಬಸ್ ಸ್ಟ್ಯಾಂಡಿನಲ್ಲಿ ಊರುಗಳ ಹೆಸರು ಕೂಗುವವರ ಹಾಗೆ ಹೇಳುತ್ತಿದ್ದಳು, ಒಳಗೆ ಏನೂ ತಾಗದೆ.

ಮದ್ದೂರಿನಿಂದ ನಿಡಘಟ್ಟದ ಕಡೆಗೆ ಹೋಗುವಾಗ ರಸ್ತೆಯಿಂದ ಸ್ವಲ್ಪ ಒಳಗೆ ಒಂದು ಗಾರ್ಮೆಂಟ್ಸ್ ಫ್ಯಾಕ್ಟರಿ ಇದೆ. ಅಲ್ಲಿ ಟೈಮ್ ಆಫೀಸಿನಲ್ಲಿ, ಅಂದರೆ ಕೆಲಸದವರ ಹಾಜರಿ ನೋಡುವ ಕಡೆ, ಒಬ್ಬರು ಬೇಕು ಅಂತ ನಮ್ಮ ಹುಡುಗನೇ ತಿಳಿದುಕೊಂಡು ಬಂದ. ಹಿಂದಿನ ಸಂಜೆಯೇ ಅವಳು ಬಂದು ನನ್ನ ಕೋಣೆಯಲ್ಲಿ ಮಲಗಿದಳು. ಬೆಳಿಗ್ಗೆ ಚೂಡಿದಾರ ಹಾಕಿ, ವೇಲನ್ನು ಪಿನ್ನು ಚುಚ್ಚಿ ನಿಲ್ಲಿಸಿಕೊಂಡಳು. ಹೊಸ ರಸ್ತೆ ಆದ ಮೇಲೆ ಜೋರು ಬಸ್ಸುಗಳು ಮದ್ದೂರಿನ ಒಳಗೆ ಬರುವುದಿಲ್ಲ. ಎಲ್ಲ ಕಡೆ ನಿಲ್ಲಿಸುವ ಬಸ್ಸು ಹಿಡಿದೆವು. ಆಧಾರ್ ಕಾರ್ಡು ತೋರಿಸಿದ್ದಕ್ಕೆ ಕಂಡಕ್ಟರು ಬಿಟ್ಟಿ ಟಿಕೆಟ್ ಕೊಟ್ಟ. ದಾರಿಯುದ್ದಕ್ಕೂ ಅವಳ ತುಟಿ ಅಲ್ಲಾಡುತ್ತಿತ್ತು.

ಗೇಟಿನಲ್ಲಿ ಅವಳನ್ನು ಮಾತ್ರ ಒಳಗೆ ಬಿಟ್ಟರು. ಎದುರು ಒಂದು ಟೀ ಅಂಗಡಿ, ಹೊಂಗೆ ಮರ. ನಾನು ಅಲ್ಲಿ ಕೂತೆ. ಬಿಸಿಲು ಏರಿತು. ಒಳಗಿನಿಂದ ಮಿಷನ್ನುಗಳ ಸದ್ದು ಜೇನುಗೂಡಿನ ಹಾಗೆ ಬರುತ್ತಲೇ ಇತ್ತು. ಊಟದ ಗಂಟೆ ಹೊಡೆದಾಗ ಸದ್ದು ನಿಂತು, ಹೆಂಗಸರು ಡಬ್ಬಿ ಹಿಡಿದು ಗೋಡೆಯ ನೆರಳಿಗೆ ಬಂದರು. ಮಾತಿಲ್ಲ ಕತೆಯಿಲ್ಲ, ಬೇಗ ಬೇಗ ತಿಂದು ಮತ್ತೆ ಒಳಗೆ.

ಅವರು ಒಳಗೆ ಹೋದ ಮೇಲೆ ಅವಳು ಹೊರಗೆ ಬಂದಳು. ಮುಖ ಬೆಳಗುತ್ತಿತ್ತು. ಗಂಡ ಬಿಟ್ಟ ಮೇಲೆ ಅಂಥ ಮುಖ ನಾನು ನೋಡಿರಲಿಲ್ಲ.

"ಎಲ್ಲಾನೂ ಕೇಳಿದ್ರು ಚಿಕ್ಕವ್ವ. ಎಲ್ಲಾದ್ಕೂ ಹೇಳ್ದೆ. ಗಂಡನ್ ಇಚಾರಾನೂ ಕೇಳಿದ್ರು. ಒಂಚೂರೂ ತೊದಲ್ಲಿಲ್ಲ ನಾನು."

"ಕೆಲ್ಸ ಆಯ್ತಾ?"

"ಆಜ್ರಿ ಕೆಲ್ಸುಕ್ಕೆ ಕಂಪ್ಯೂಟರ್ ಚೆಂದಾಗ್ ಬರೋರು ಬೇಕಂತೆ, ಅದು ಆಗಲ್ಲ. ಆದ್ರೆ ದೊಡ್ ಸಾಹೇಬ್ರು, ನೀವು ಮಾತಾಡೋದು ಇಷ್ಟ ಆಯ್ತು, ಕ್ರೆಶ್ ನೋಡ್ಕೊಳ್ಳೋಕೆ ಒಬ್ರು ಬೇಕು, ನೀವು ಮಾಡ್ತೀರಾ ಅಂದ್ರು."

ಕ್ರೆಶ್ ಅಂದರೆ ಕೆಲಸಕ್ಕೆ ಬರುವ ತಾಯಂದಿರ ಕೂಸುಗಳನ್ನು ಹಗಲೆಲ್ಲ ನೋಡಿಕೊಳ್ಳುವ ಕೋಣೆ. ಹಗಲಿನ ಕೆಲಸ. ಸಂಜೆ ಐದಕ್ಕೆ ಮನೆ. ಸಂಬಳವೂ ಆಫೀಸಿನವರ ಸಂಬಳ.

"ನೀನ್ ಏನಂದೆ?"

"ಅಯ್ಯೋ ಪರ್ವಾಗಿಲ್ಲ ಬುಡಿ ಸಾರ್, ನನ್ನಿಂದ ನಿಮ್ಗ್ಯಾಕೆ ತೊಂದ್ರೆ, ಬ್ಯಾರೆ ಯಾರಿಗಾದ್ರೂ ಕೊಡಿ ಅಂದೆ."

"ಸರ್ಯಾಗಂದೆ" ಅಂದೆ ನಾನು.

ಓದುವವರಿಗೆ ಇದು ಹುಚ್ಚು ಅನ್ನಿಸಬಹುದು. ನಮ್ಮ ಕಡೆ ಏನನ್ನಾದರೂ ಕೊಟ್ಟರೆ ಒಂದೇ ಸಲಕ್ಕೆ ಹೂಂ ಅನ್ನಬಾರದು. ಯಾರದೇ ಮನೆಗೆ ಹೋಗಲಿ, ಉಣ್ಣು ಬಾ ಅಂದರೆ ಈಗ ತಾನೇ ಉಂಡು ಬಂದೆ ಅನ್ನಬೇಕು, ಕರುಳು ಕಿತ್ತುಕೊಳ್ಳುತ್ತಿದ್ದರೂ. ಅವರು ಮತ್ತೆ ಕರೆಯಬೇಕು. ಬೇಡ ಅನ್ನಬೇಕು. ಆಮೇಲೆ ಅವರು ಬೈದು, ಕೈ ಹಿಡಿದು ಎಳೆದು, ಎಲೆಯ ಮುಂದೆ ಕೂರಿಸಬೇಕು. ಆಗ ಉಣ್ಣಬೇಕು. ಕರೆದ ತಕ್ಷಣ ಕೂತವಳು ಗತಿಗೆಟ್ಟವಳು. ಒಂದೇ ಸಲ ಕರೆದು ಸುಮ್ಮನಾದವರು ಜಿಪುಣರು. ಎರಡು ಕಡೆಯವರಿಗೂ ಗೊತ್ತಿರುವ ಆಟ ಇದು. ಇವಳು ಚಿಕ್ಕವಳಿದ್ದಾಗ ಯಾರದೋ ಮನೆಯಲ್ಲಿ ಕಜ್ಜಾಯ ಕೊಟ್ಟರೆ ಕೈ ಚಾಚಿದಳು. ನನ್ನ ಅಕ್ಕ ಸೆರಗಿನ ಮರೆಯಲ್ಲಿ ಅವಳ ತೊಡೆ ಚಿವುಟಿದಳು. ಮನೆಗೆ ಬಂದು ನೋಡಿದರೆ ಅಲ್ಲಿ ನೀಲಿ ಗುರುತು. ಹಾಗೆ ಬೆಳೆದವಳು ಅವಳು. ನಾನೂ ಹಾಗೇ. ಆ ಕುರ್ಚಿಯಲ್ಲಿ ನಾನು ಕೂತಿದ್ದರೂ ಅದನ್ನೇ ಹೇಳುತ್ತಿದ್ದೆ.

"ಅದ್ಕೆ ಅವ್ರೇನಂದ್ರು?"

"ಸರಿಯಮ್ಮ, ಥ್ಯಾಂಕ್ಸ್ ಅಂದ್ರು. ನಗ್ನಗ್ತಾನೇ ಅಂದ್ರು. ಫೋನ್ ನಂಬ್ರು ತಕಂಡವ್ರೆ. ಇವತ್ತೋ ನಾಳೀಕೋ ಇನ್ನೊಂದ್ಕಿತ ಕೇಳ್ತಾರೆ."

ಕೇಳೇ ಕೇಳುತ್ತಾರೆ ಅಂತ ಇಬ್ಬರಿಗೂ ಅನ್ನಿಸಿತು. ಬಸ್ಸಿನಲ್ಲಿ ಅವಳು ಮದ್ದೂರಿನಲ್ಲಿ ರೂಮು ಮಾಡುವುದೋ ಮಂಡ್ಯದಲ್ಲೋ ಅಂತ ಯೋಚಿಸಿದಳು. ಮದ್ದೂರೇ ವಾಸಿ, ಮಗಳು ಇಸ್ಕೂಲು ಬಿಟ್ಟು ಬರುವ ಹೊತ್ತಿಗೆ ನಾನೂ ಬಂದಿರುತ್ತೇನೆ ಅಂದಳು. ಫೋನನ್ನು ಕೈಯಲ್ಲೇ ಹಿಡಿದುಕೊಂಡಿದ್ದಳು. ಮಂಡ್ಯ ಬರುವ ತನಕ ಅದು ಒಂದೇ ಸಲ ಬಡಿದುಕೊಂಡಿತು. ಅದು ರೀಚಾರ್ಜಿನವರದು.

ಮಾರನೆಯ ದಿನ ಬೆಳಿಗ್ಗೆ ನಮ್ಮ ಹುಡುಗ ಬಂದವನೇ ಚಪ್ಪಲಿಯನ್ನೂ ಬಿಡದೆ, ಏನಾಯಿತು ಅಂತ ಕೇಳಿದ. ಅವಳು ಎಲ್ಲ ಹೇಳಿದಳು. ಖುಷಿಯಿಂದಲೇ ಹೇಳಿದಳು. ಅವನ ಮುಖ ನೋಡುತ್ತಾ ನೋಡುತ್ತಾ ಅವಳ ದನಿ ಇಳಿಯಿತು.

"ಯಾಕಮ್ಮಾ ಬೇಡ ಅಂದ್ರಿ?"

"ಒಂದೇ ಸಲುಕ್ಕೆ ಹೂಂ ಅಂದ್ರೆ ಏನಂದ್ಕೊತಾರೆ ಸಾರ್? ಎಷ್ಟ್ ಆಸೆಬುರುಕಿ ಇವ್ಳು ಅನ್ನಲ್ವಾ?"

"ಅವರು ನಿಮ್ಮ ನೆಂಟರಲ್ಲಮ್ಮ. ಕೆಲಸ ಕೊಡೋರು."

"ಇನ್ನೊಂದ್ಸಲ ಕೇಳ್ತಾರೆ ಅಂತ..."

"ಕೇಳಲ್ಲ. ಮೇಜಿನ ಆ ಕಡೆ ನಾನು ಕೂತಿದ್ದೆ, ನನಗೆ ಗೊತ್ತು. ಬೇಡ ಅಂದ್ರೆ ಹೆಸರ ಮೇಲೆ ಗೀಟು ಎಳೆದು ಮುಂದಿನವರನ್ನ ಕರೀತೀವಿ. ಹೊರಗಡೆ ಜನ ಕಾಯ್ತಿರ್ತಾರೆ."

ನನಗೆ ರೇಗಿತು. "ಮತ್ತೆ ನೀನ್ಯಾಕಪ್ಪ ಇದ್ನ ಮೊದ್ಲೇ ಹೇಳ್ಕೊಡ್ನಿಲ್ಲ? ಕೈ ಎಲ್ಲಿಕ್ಕಬೇಕು, ಉಸ್ರು ಯಾವಾಗ ಬುಡಬೇಕು, ಎಲ್ಲಾ ಹೇಳ್ಕೊಟ್ಟೆ."

ಅವನು ನನ್ನನ್ನೇ ನೋಡಿದ. "ಕೊಟ್ಟಾಗ ತಗೊಳ್ಳಿ ಅಂತ ಯಾರಿಗಾದ್ರೂ ಹೇಳ್ಕೊಡ್ಬೇಕಾ ಅಜ್ಜಿ?"

ಹೇಳಿಕೊಡಬೇಕು ಅಂತ ಅವನಿಗೆ ಗೊತ್ತಿರಲಿಲ್ಲ. ಅವನಿಗೆ ಗೊತ್ತಿಲ್ಲ ಅಂತ ನಮಗೆ ಗೊತ್ತಿರಲಿಲ್ಲ. ಅವಳು ಕುರ್ಚಿಯ ಅಂಚಿನಲ್ಲಿ ಕೂತು ವೇಲಿನ ಪಿನ್ನನ್ನು ತೆಗೆಯುತ್ತಾ ಹಾಕುತ್ತಾ ಇದ್ದಳು.

ಅವನು ಫ್ಯಾಕ್ಟರಿಗೆ ಫೋನು ಮಾಡಿದ. ಎತ್ತಲಿಲ್ಲ. ಮತ್ತೆ ಮಾಡಿದ. ಯಾರೋ ಎತ್ತಿ, ಸಾಹೇಬರು ಮೀಟಿಂಗಿನಲ್ಲಿದ್ದಾರೆ ಅಂದರು. ಮಧ್ಯಾಹ್ನ ಮಾಡಿದಾಗ, ಆ ಅಭ್ಯರ್ಥಿ ಬೇಡ ಅಂದಿದ್ದಾರಲ್ಲ ಅಂದರು. ಅವನು ವಿವರಿಸಲು ಹೊರಟ. ಏನಂತ ವಿವರಿಸುವುದು? ಹಳ್ಳಿಯವರು ಸಾರ್, ಸಂಕೋಚಕ್ಕೆ ಹೇಳಿದ್ದಾರೆ ಅಂದ. ಆ ಕಡೆಯಿಂದ ಏನು ಬಂತೋ, ಸರಿ ಸಾರ್, ಸರಿ ಸಾರ್ ಅಂತ ಫೋನು ಇಟ್ಟ. "ಬೆಳಿಗ್ಗೆ ನೀವೇ ಹೋಗಿ ಗೇಟಲ್ಲಿ ಕೇಳಿ ನೋಡಿ" ಅಂದ. ಆಗಬಹುದು ಅಂತ ಅವನು ಹೇಳಲಿಲ್ಲ.

ಹೋದೆವು. ಅದೇ ಬಸ್ಸು, ಅದೇ ಗೇಟು. ಕಾವಲಿನವನು ಒಳಗೆ ಹೇಳಿ ಕಳಿಸಿದ. ಬಹಳ ಹೊತ್ತಿನ ಮೇಲೆ ಕೊರಳಿಗೆ ಕಾರ್ಡು ನೇತುಹಾಕಿಕೊಂಡ ಒಬ್ಬ ಚಿಕ್ಕ ವಯಸ್ಸಿನ ಆಫೀಸಿನವನು ಬಂದ. ಗೇಟಿನ ಸರಳುಗಳ ಆ ಕಡೆ ಅವನು, ಈ ಕಡೆ ನಾವು.

"ನೀವೇ ಬೇಡ ಅಂದ್ರಲ್ಲಮ್ಮ, ನಾನೂ ಅಲ್ಲೇ ಇದ್ದೆ."

"ಮರ್ಯಾದೆಗೆ ಅಂದೆ ಸಾರ್."

"ಯಾವ ಮರ್ಯಾದೆ?"

ಅವನು ಕೆಟ್ಟದಾಗಿ ಕೇಳಲಿಲ್ಲ. ಅವನಿಗೆ ನಿಜವಾಗಿಯೂ ಅರ್ಥ ಆಗಿರಲಿಲ್ಲ.

"ಅದು ಅವತ್ತೇ ಆಗೋಯ್ತು. ನಿಮ್ಮ ಹಿಂದೆ ಬಂದೋರೇ ಒಪ್ಪಿಕೊಂಡ್ರು, ನಾಳೆಯಿಂದ ಬರ್ತಾರೆ" ಅಂದ. ಹೋಗಲು ತಿರುಗಿದವನು ನಿಂತು, "ಲೈನಲ್ಲಿ ಹೆಲ್ಪರ್ ಕೆಲಸ ಬೇಕಾದ್ರೆ ಇದೆ. ಹೊಲಿದ ಬಟ್ಟೇಲಿ ದಾರ ಕತ್ತರಿಸೋದು, ಜೋಡಿಸಿಡೋದು. ಆದರೆ..."

"ಬೇಕು ಸಾರ್."

"ಕೇಳಿಸ್ಕೊಳ್ಳಿ. ದಿನವೆಲ್ಲ ನಿಂತ್ಕೊಂಡೇ..."

"ಬೇಕು ಸಾರ್. ನಾಳೆಯಿಂದ್ಲೇ ಬತ್ತೀನಿ. ಬೇಕಾದ್ರೆ ಈಗ್ಲೇ ಬತ್ತೀನಿ ಸಾರ್."

ಸರಳನ್ನು ಎರಡು ಕೈಯಲ್ಲೂ ಹಿಡಿದುಕೊಂಡಿದ್ದಳು. ಕಾವಲಿನವನು ನಕ್ಕ. ನನ್ನ ಅಕ್ಕ ಬದುಕಿದ್ದರೆ ಏನು ಮಾಡುತ್ತಿದ್ದಳೋ. ನಾನು ಟೀ ಅಂಗಡಿಯ ಕಡೆ ನೋಡಿದೆ.

ಸಂಜೆ ನಮ್ಮ ಹುಡುಗನಿಗೆ ಹೇಳಿದರೆ ಅವನು ತಲೆಯ ಮೇಲೆ ಕೈ ಇಟ್ಟುಕೊಂಡ. "ಇದಕ್ಕೆ ಬೇಡ ಅನ್ಬೇಕಿತ್ತಮ್ಮ. ನಾನು ಇನ್ನೆರಡು ಕಡೆ ನೋಡ್ತಿದ್ದೆ. ಒಂದ್ಸಲ ಹೆಲ್ಪರ್ ಅಂತ ಒಳಗೆ ಹೋದ್ರೆ ಆಮೇಲೆ ಯಾರೂ ಆಫೀಸಿಗೆ ಕರೆಯಲ್ಲ."

"ನಿನ್ ಪಾಠ ಒಂದ್ ದಿವ್ಸ ತಡವಾಗಿ ಬತ್ತದೆ ಕಣಪ್ಪ" ಅಂದೆ.

ಅವಳು ಸೇರಿದಳು. ನನ್ನ ಕೋಣೆಯಲ್ಲೇ ಇರುತ್ತಾಳೆ. ಹೆಲ್ಪರ್ ಸಂಬಳಕ್ಕೆ ಬೇರೆ ರೂಮು ಆಗುವುದಿಲ್ಲ. ಬೆಳಿಗ್ಗೆ ಆರೂವರೆಗೆ ಕಂಪನಿ ಬಸ್ಸು, ಬರುವುದು ಕತ್ತಲಾದ ಮೇಲೆ. ಕಾಲು ಊದಿಕೊಂಡಿರುತ್ತದೆ. ಬಿಸಿನೀರಿಗೆ ಉಪ್ಪು ಹಾಕಿ ಬಕೆಟ್ಟಿನಲ್ಲಿ ಇಟ್ಟುಕೊಡುತ್ತೇನೆ. ಅದರಲ್ಲಿ ಕಾಲಿಟ್ಟು ಕೂತಲ್ಲೇ ತೂಕಡಿಸುತ್ತಾಳೆ. ಅವಳ ಲೈನಿಗೆ ಇರುವ ಸೂಪರ್‌ವೈಸರ್ ಇವಳಿಗಿಂತ ಚಿಕ್ಕವಳು. "ಕೈಗೇನ್ ಲಕ್ವ ಒಡ್ದದಾ ನಿಂಗೆ?" ಅಂತ ಎಲ್ಲರ ಮುಂದೆ ಕೂಗುತ್ತಾಳಂತೆ. ಮೊದಲ ವಾರ ಇವಳು ಅಲ್ಲೇ ಅತ್ತಳು. ಅತ್ತ ಹೊತ್ತಿನಲ್ಲಿ ಬಟ್ಟೆ ರಾಶಿ ಬಿತ್ತು, ಅದಕ್ಕೆ ಇನ್ನೊಂದು ಸಲ ಬೈಸಿಕೊಂಡಳು.

ನಮ್ಮ ಹುಡುಗ ಅದಕ್ಕೂ ಪಾಠ ಮಾಡಿದ. ಒಂದು ಭಾನುವಾರ ಕರೆದು ಕೂರಿಸಿ, "ಅವಳು ಕೂಗಿದಾಗ ಅವಳ ಮುಖ ನೋಡ್ಬೇಡಿ, ಕೈಯಲ್ಲಿರೋ ಬಟ್ಟೆ ನೋಡಿ. 'ಸರಿ ಮಾಡ್ತೀನಿ ಮೇಡಂ' ಅನ್ನಿ. ಕಾರಣ ಹೇಳೋಕೆ ಹೋಗ್ಬೇಡಿ. ಅವಳ ಮೇಲೂ ಯಾರೋ ಕೂಗ್ತಿರ್ತಾರೆ" ಅಂದ. ಒಳ್ಳೆಯ ಮಾತೇ. ಈಗ ಅವಳು ಅಳುವುದಿಲ್ಲ. ನಾನು ಸಾರಿಗೆ ಉಪ್ಪು ಕಡಿಮೆ ಆಗಿದೆಯೇನೇ ಅಂದರೂ ಅವಳು, "ಸರಿ ಮಾಡ್ತೀನಿ" ಅನ್ನುತ್ತಾಳೆ. ಸಾರು ಮಾಡಿದವಳು ನಾನು.

ಉಗಾದಿ ಬಂತು, ಹೋಯಿತು. ಅಣ್ಣನಿಗೆ ಹೇಳಿ ಮಗಳನ್ನು ಪರೀಕ್ಷೆ ಮುಗಿಯುವ ತನಕ ಅಲ್ಲೇ ಬಿಟ್ಟಿದ್ದಳು. ಪರೀಕ್ಷೆ ಮುಗಿದ ಮೇಲೆ ಒಂದು ಭಾನುವಾರ ನಾವಿಬ್ಬರೂ ಕರೆದುಕೊಂಡು ಬರಲು ಹೋದೆವು. ನನ್ನ ಕೋಣೆ ಒಂದೇ, ಆದರೂ ಚಿಲಕ ಇದೆ. ಮೂವರು ಅಡ್ಡಲಾಗಿ ಮಲಗಿದರೆ ಆಗುತ್ತದೆ ಅಂತ ಅವಳು ಚಾಪೆ ಹಾಸಿ ನೋಡಿಕೊಂಡಿದ್ದಳು.

ಹುಡುಗಿ ಹಿತ್ತಿಲಲ್ಲಿ ಪಾತ್ರೆ ಬೆಳಗುತ್ತಿದ್ದಳು. ನಮ್ಮನ್ನು ಕಂಡು ಎದ್ದು ಕೈ ತೊಳೆದುಕೊಂಡಳು. ಓಡಿ ಬರಲಿಲ್ಲ. ಅತ್ತಿಗೆ ಕಾಫಿ ಕೊಟ್ಟಳು. ಅವಳ ಮಾತಿನ ದಾಟಿ ಬದಲಾಗಿತ್ತು.

"ಇರ್ಲಿ ಬುಡು, ಯಾಕ್ ಕರ್ಕಂಡೋಯ್ತೀಯ? ಎಣ್ಮಗ ಈಗ ಕೈಗ್ ಬಂದದೆ. ನನ್ಗೂವೆ ಸೊಂಟ ಇಡ್ಕತದೆ. ಆಲ್ ಕರಿಯಾದೂ ಕಲ್ತವ್ಳೆ, ಗೊತ್ತಾ?"

ಎಲ್ಲಿ ಮಲಗಿಸುವುದು ಅನ್ನುವ ಮಾತು ಅಣ್ಣನಿಗೆ ನೆನಪಿದ್ದಂತೆ ಕಾಣಲಿಲ್ಲ.

ಅಕ್ಕನ ಮಗಳು ಹಿತ್ತಿಲಿಗೆ ಹೋದಳು. ನಾನು ಬಾಗಿಲಲ್ಲಿ ನಿಂತೆ.

"ಬಾ ಮಗ, ಓಗಾಣ. ಬಟ್ಟೆ ತಕೊ."

ಹುಡುಗಿ ಬೂದಿ ಮೆತ್ತಿದ ತೆಂಗಿನ ನಾರನ್ನು ತಿರುಗಿಸುತ್ತಾ ಕೇಳಿದಳು. "ನೀನು ಕೆಲ್ಸದಿಂದ ಎಷ್ಟೊತ್ಗೆ ಬತ್ತೀಯವ್ವ?"

"ಎಂಟಾಯ್ತದೆ."

"ಬೆಳಿಗ್ಗೆ?"

"ಆರೂವರೆಗೆ ಬಸ್ಸು."

"ಮತ್ತೆ ನಾನಲ್ಲಿ ಬಂದು ಯಾರ್ ಜೊತೆ ಇರ್ಲಿ? ಇಲ್ಲೇ ಇರ್ತೀನಿ. ಇಲ್ಲಿ ಇಸ್ಕೂಲು ಅತ್ರ."

ನಾನಿದ್ದೀನಲ್ಲ ಅನ್ನಬೇಕು ಅಂದುಕೊಂಡೆ. ಮಗು ನನ್ನನ್ನು ಕೇಳಿರಲಿಲ್ಲ. ಅವಳ ತಾಯಿ ಕೂತು, ತೊಳೆದ ಪಾತ್ರೆಗಳನ್ನು ಬುಟ್ಟಿಗೆ ಜೋಡಿಸಿದಳು. ಲೋಟದೊಳಗೆ ಲೋಟ, ತಟ್ಟೆಯ ಮೇಲೆ ತಟ್ಟೆ, ಬೇಗ ಬೇಗ, ಲೈನಿನಲ್ಲಿ ಮಾಡುವ ಹಾಗೆ. ಆಮೇಲೆ ಎದ್ದು ಬಂದಳು.

ಬಸ್ ಸ್ಟ್ಯಾಂಡಿನಲ್ಲಿ ನನಗೆ ತಡೆಯಲಾಗಲಿಲ್ಲ. "ಇನ್ನೊಂದ್ಕಿತ ಕೇಳ್ಬೇಕಿತ್ತು ಕಣೆ. ನಮ್ಮ ಮನೆ ಮಗ ಅಲ್ವಾ ಅದು. ಒಂದೇ ಸಲುಕ್ಕೆ ಹೂಂ ಅಂದದಾ?"

"ಕೇಳಿವ್ನಿ ಚಿಕ್ಕವ್ವ. ಈ ವಾರ ಪೂರ್ತಿ ಫೋನಲ್ಲಿ ದಿನಾ ಕೇಳಿವ್ನಿ. ದಿನಾ ಇದ್ನೇ ಅಂದ್ಲು. ಎದುರ್ಗೆ ಬಂದ್ರೆ ಬಂದಾಳು ಅಂದ್ಕಂಡೆ."

ಮಂಡ್ಯದ ಬಸ್ಸು ಬಂತು. ಹೆಂಗಸರ ನೂಕುನುಗ್ಗಲು. ಅವಳಿಗೆ ನಿಲ್ಲಲು ಆಗುವುದಿಲ್ಲ ಅಂತ ನಾನೇ ಮುಂದೆ ನುಗ್ಗಿ ಸೀಟು ಹಿಡಿದೆ. ಅವಳು ಕೂತು ಚಪ್ಪಲಿ ಕಳಚಿ, ಊದಿದ ಕಾಲನ್ನು ಮುಂದಿನ ಸೀಟಿನ ಕಂಬಿಯ ಮೇಲೆ ಇಟ್ಟಳು. ಮುಂದೆ ಕೂತವಳು ತಿರುಗಿ ನೋಡಿ ಬೈದಳು. ಇವಳು ಕಾಲು ತೆಗೆದು, ಸರಿ ಮಾಡ್ತೀನಿ ಅಂದಳು.

ನಾನು ಕಿಟಕಿ ಎಳೆದೆ. ಬೆಳಗಿನ ಸಾರು ಇದೆ, ಒಂದಿಷ್ಟು ಅನ್ನ ಇಟ್ಟರೆ ಸಾಕು ಅಂದೆ. ಅವಳು ಹೂಂ ಅಂದಳು.